ತಿಂಗಳ ಸೂಜಿ

ಯಮನಪ್ಪ ಹಾದಿಮನಿಯ ಕೈಗೆ ಸ್ಟೇರಿಂಗ್ ತಿರುಗಿ ಬಂದದ್ದು ತಿಂಗಳ ಸೂಜಿಯಿಂದ.

ಅವನು ಗದಗ ಕಡೆಯ ಸರ್ಕಾರಿ ಬಸ್ ಚಾಲಕ. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಇನ್ಸುಲಿನ್ ಶುರುವಾದಾಗ ಡಿಪೋದವರು ಅವನನ್ನು ಬಸ್ಸಿನಿಂದ ಇಳಿಸಿ ಟೈರು ಲೆಕ್ಕ ಇಡುವ ಕೋಣೆಯಲ್ಲಿ ಕೂರಿಸಿದ್ದರು. ಇನ್ಸುಲಿನ್ ಹೆಚ್ಚಾದರೆ ಚಾಲಕನಿಗೆ ದಾರಿಯಲ್ಲೇ ಪ್ರಜ್ಞೆ ತಪ್ಪಬಹುದು, ಅದಕ್ಕೆ. ಎರಡು ವರ್ಷ ಆ ರಬ್ಬರ್ ವಾಸನೆಯಲ್ಲಿ ಕೂತು ಯಮನಪ್ಪ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಆಮೇಲೆ ತ್ರಿಕೂಟ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದವರು ಹೊಸ ಚುಚ್ಚುಮದ್ದಿನ ಪರೀಕ್ಷೆಗೆ ಜನ ಹುಡುಕುತ್ತಿದ್ದಾರೆಂದು ಕೇಳಿ ತಾನೇ ಹೋಗಿ ಹೆಸರು ಕೊಟ್ಟ.

ಮದ್ದಿನ ಗುಟ್ಟು ಇಷ್ಟೇ. ಮರಳು ಯಾವುದರಿಂದ ಆಗಿದೆಯೋ ಆ ಸಿಲಿಕಾದಿಂದಲೇ, ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. ಪ್ರತಿ ಕಾಳಿನ ಮೈತುಂಬ ಜೇನುಗೂಡಿನಂಥ ತೂತು. ತೂತುಗಳಲ್ಲಿ ಇನ್ಸುಲಿನ್ ತುಂಬಿ, ಮೇಲೆ ಪಾಲಿಮರಿನ ತೆಳು ಲೇಪ ಕೊಡುತ್ತಾರೆ. ಲೇಪವೇ ಬಾಗಿಲು. ರಕ್ತದಲ್ಲಿ ಸಕ್ಕರೆ ಏರಿದರೆ ಅದು ಸಡಿಲಾಗಿ ಮದ್ದು ಬಿಡುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಹೊಟ್ಟೆಯ ಚರ್ಮದ ಕೆಳಗೆ ಹುಣಸೆಬೀಜದಷ್ಟು ಗಂಟಾಗಿ ಕೂತ ಈ ಕಾಳುಗಳು ಒಂದು ತಿಂಗಳು ಕೆಲಸ ಮಾಡುತ್ತವೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪರೀಕ್ಷೆಗೆ ಬಂದವರೆಲ್ಲ ಅದಕ್ಕೆ ‘ತಿಂಗಳ ಸೂಜಿ’ ಎಂದು ಹೆಸರಿಟ್ಟರು. ಯಮನಪ್ಪನ ರಕ್ತದ ವರದಿಗಳನ್ನು ನೋಡಿ ಡಿಪೋದವರು ಅವನನ್ನು ಮತ್ತೆ ಬಸ್ಸಿಗೆ ಹತ್ತಿಸಿದರು. ಬಾದಾಮಿ ಬಸ್ಸು. ಆ ದಿನ ಅವನ ಹೆಂಡತಿ ದುರ್ಗವ್ವ ಓಣಿಯವರಿಗೆಲ್ಲ ಚಹಾ ಮಾಡಿ ಕೊಟ್ಟಳು.

ಕಾಳುಗಳಿಗೆ ಲೇಪ ಕೊಡುವ ವಿಧಾನ ಕಂಡುಹಿಡಿದವರು ಪ್ರೊಫೆಸರ್ ಮೃತ್ಯುಂಜಯ ಅಂಗಡಿ. ಅದನ್ನು ಕೈಯಾರೆ ಮಾಡಿ ಪಳಗಿದವಳು ಅವರ ಸಂಶೋಧನಾ ವಿದ್ಯಾರ್ಥಿನಿ ಶೈನಾಜ್. ಪ್ರತಿ ವರ್ಷ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆ ಬಂದಾಗ ಅವರನ್ನು ತಯಾರು ಮಾಡುವ ಕೆಲಸವೂ ಅವಳದೇ. ಕಾಳು ಬೆಳೆಸುವುದು, ಗಿರಗಿರ ತಿರುಗುವ ಯಂತ್ರದಲ್ಲಿ ಹಾಕಿ ತೊಳೆಯುವುದು, ಲೇಪ ಕೊಡುವುದು, ಮತ್ತೆ ತೊಳೆಯುವುದು. ಹುಡುಗ ಹುಡುಗಿಯರಿಗೆ ಈ ತೊಳೆಯುವುದೆಂದರೆ ಬೇಜಾರು. “ತೊಳೆಯೋದು ಬಂದ್ರ ಅರ್ಧ ಕೆಮಿಸ್ಟ್ರಿ ಬಂದಂಗ” ಎಂದು ಶೈನಾಜ್ ಗದರುತ್ತಿದ್ದಳು.

ಅಭ್ಯಾಸಕ್ಕೆ ಇನ್ಸುಲಿನ್ ಖರ್ಚು ಮಾಡುವುದಿಲ್ಲ. ಕಾಳಿನೊಳಗೆ ಹಸಿರು ಬಣ್ಣ ತುಂಬಿ ನೀರಲ್ಲಿಟ್ಟರೆ, ಬಾಗಿಲು ತೆರೆದಾಗ ನೀಲಿ ದೀಪದ ಕೆಳಗೆ ನೀರು ಗಿಳಿಹಸಿರಾಗಿ ಹೊಳೆಯುತ್ತದೆ. ಮುಚ್ಚಿದ್ದರೆ ತಿಳಿಯಾಗಿಯೇ ಇರುತ್ತದೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಪಲ್ಲವಿ ಎಂಬ ಹೊಸ ವಿದ್ಯಾರ್ಥಿನಿಯ ಬಾಟಲಿಯ ನೀರು ಹಸಿರಾಗಿತ್ತು.

“ಸಕ್ಕರಿ ಹಾಕಿಯೇನು?” ಶೈನಾಜ್ ಕೇಳಿದಳು.

“ಇಲ್ಲಕ್ಕಾ. ಸಕ್ಕರಿ ಇಲ್ಲದ ಹ್ಯಾಂಗ ಇರ್ತೈತಿ ನೋಡು ಅಂದಿದ್ರಲ್ಲ, ಅದನ್ನ ಮಾಡೀನಿ.”

ಶೈನಾಜ್ ಬಾಟಲಿ ಎತ್ತಿ ನೋಡಿದಳು. ನೀರಿನ ತೊಟ್ಟಿಯ ಉಷ್ಣತೆ ನೋಡಿದಳು. ಮೂವತ್ತೇಳು ಇರಬೇಕಾದಲ್ಲಿ ನಲವತ್ತು ಇತ್ತು. ಪಲ್ಲವಿ ಗುಂಡಿ ತಪ್ಪಾಗಿ ಒತ್ತಿದ್ದಳು. ಆದರೂ ಹಸಿರಾಗಬಾರದು. ನಲವತ್ತರಲ್ಲಿ, ನಲವತ್ತೊಂದರಲ್ಲಿ ಈ ಲೇಪವನ್ನು ಎಷ್ಟು ಸಲ ಪರೀಕ್ಷಿಸಿಲ್ಲ! ಜ್ವರದ ಮೈಗೆ ಅದು ತಡೆಯಬೇಕಲ್ಲ.

“ಕಾಳು ಎಲ್ಲಿಂದ ತಗೊಂಡಿ?”

ಪಲ್ಲವಿ ಮೂಲೆಯ ಬೆಚ್ಚಗಿನ ಕಪಾಟು ತೋರಿಸಿದಳು. ಅವಳ ಮುಖ ಆಗಲೇ ಅಳುವಂತಾಗಿತ್ತು. ಆ ಕಪಾಟಿನಲ್ಲಿದ್ದವು ಹೊಸ ಕಾಳುಗಳಲ್ಲ. ಮೈಯೊಳಗಿದ್ದಂತೆಯೇ ಉಪ್ಪುನೀರಿನಲ್ಲಿ, ಮೈಯ ಬಿಸಿಯಲ್ಲಿ, ವಾರಗಟ್ಟಲೆ ಇಟ್ಟ, ಬಣ್ಣ ತುಂಬಿದ ಹಳೆಯ ಕಾಳುಗಳು. ಪ್ರತಿ ವಾರ ಅವನ್ನು ತೆಗೆದು ನೋಡುತ್ತಿದ್ದರು. ಮೂವತ್ತೇಳರಲ್ಲಿ ಎಲ್ಲ ಸರಿ ಇರುತ್ತಿತ್ತು. ಹೊಸ ಕಾಳನ್ನು ಜ್ವರದ ಬಿಸಿಯಲ್ಲಿ ನೋಡಿದ್ದರು, ಹಳೆಯದನ್ನು ಮೈಬಿಸಿಯಲ್ಲಿ ನೋಡಿದ್ದರು. ಹಳೆಯದನ್ನು ಬಿಸಿಯಲ್ಲಿ ಯಾರೂ ನೋಡಿರಲಿಲ್ಲ.

ಶೈನಾಜ್ ಬೈಯಲಿಲ್ಲ. ತಾನೇ ಕೈಗವಸು ಹಾಕಿಕೊಂಡು ಹೊಸ ಕಾಳು, ಹಳೆಯ ಕಾಳು ಎರಡನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ ಎರಡು ತೊಟ್ಟಿಗಳಲ್ಲಿಟ್ಟಳು. ಒಂದು ಮೈಬಿಸಿ, ಒಂದು ಜ್ವರದ ಬಿಸಿ. ಇಬ್ಬರೂ ಸ್ಟೂಲಿನ ಮೇಲೆ ಕೂತರು. ಮೂರು ಬಾಟಲಿ ತಿಳಿಯಾಗಿಯೇ ಉಳಿದವು. ಜ್ವರದ ಬಿಸಿಯಲ್ಲಿದ್ದ ಹಳೆಯ ಕಾಳಿನ ಬಾಟಲಿ ಮೊದಲು ತಳದಲ್ಲಿ, ಆಮೇಲೆ ಒಮ್ಮೆಲೇ ಮೇಲಿನವರೆಗೂ ಹಸಿರಾಯಿತು.

“ಒಮ್ಮಿಗೇ ಎಲ್ಲಾ ಬಿಟ್ಟುಬಿಡ್ತಲ್ಲಕ್ಕಾ” ಎಂದಳು ಪಲ್ಲವಿ.

“ಹೌದು” ಎಂದಳು ಶೈನಾಜ್. “ಎಲ್ಲಾ.”

ಹಾಗೆಂದರೇನೆಂದು ಅವಳಿಗೆ ಗೊತ್ತಿತ್ತು. ಸೂಜಿ ಹಾಕಿಸಿಕೊಂಡು ಎರಡು ಮೂರು ವಾರವಾದವರಿಗೆ ಜೋರು ಜ್ವರ ಬಂದರೆ, ಉಳಿದ ಅಷ್ಟೂ ದಿನಗಳ ಇನ್ಸುಲಿನ್ ಒಂದೇ ಗಳಿಗೆಯಲ್ಲಿ ಮೈಗೆ ನುಗ್ಗುತ್ತದೆ. ಸಕ್ಕರೆ ಪಾತಾಳಕ್ಕಿಳಿದು ಮೆದುಳು ಆರಿಹೋಗುತ್ತದೆ. ಸಾಲದ್ದಕ್ಕೆ ಊರಲ್ಲೆಲ್ಲ ಈಗ ಜ್ವರ. ಹಾಸ್ಟೆಲಿನ ಅರ್ಧ ಕೋಣೆಗಳಲ್ಲಿ ಹುಡುಗಿಯರು ಹೊದ್ದು ಮಲಗಿದ್ದರು.

ಅವಳು ಬಾಟಲಿ ಹಿಡಿದುಕೊಂಡೇ ಪ್ರೊಫೆಸರರ ಕೋಣೆಗೆ ಓಡಿದಳು.

ಅಂಗಡಿಯವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೆ ಅರವತ್ತರ ಹತ್ತಿರ ವಯಸ್ಸು. ಹನ್ನೊಂದು ವರ್ಷದ ಕೆಲಸ ಅದು.

“ಇನ್ನೊಮ್ಮೆ ಮಾಡು. ಬೇರೆ ಸಲ ಮಾಡಿದ ಕಾಳು ತಗೋ. ಮೂರು ಸಲ ಬಂದ್ರ ಸೂಜಿ ಹಾಕೋ ಆಸ್ಪತ್ರೆಗೆ ತಿಳಿಸೋಣ” ಎಂದರು.

“ಸರ್, ಮೂರು ಸಲ ಅಂದ್ರ ಸಂಜಿ ಆಗ್ತೈತ್ರಿ.”

“ಖಾತ್ರಿ ಇಲ್ಲದ ಸುದ್ದಿ ಹೇಳಿ ಮೂವತ್ತು ಮಂದಿನ್ನ ಹೆದರಿಸೋದು ಸರಿಯಲ್ಲ ಶೈನಾಜ್. ಒಬ್ಬರು ಹೆದರಿ ಗಂಟು ಹಿಚುಕಿಕೊಂಡ್ರ?”

“ಹೆದರಿಸೋದು ಬ್ಯಾಡ್ರಿ. ಬರೇ ‘ಜ್ವರ ಐತೇನು’ ಅಂತ ಕೇಳೋಣ. ಇಲ್ಲ ಅಂದ್ರ ‘ಆರಾಮ ಇರ್ರಿ’ ಅಂತ ಫೋನ್ ಇಡೋಣ. ಇದ್ದವರಿಗೆ ಮಾತ್ರ ಹೇಳೋಣ. ಅದಕ್ಕ ಮೂರು ಸಲ ಬೇಕಾಗಿಲ್ಲ ಸರ್.”

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು. “ಸರಿ. ಮೊದಲ ಅರ್ಧ ಮಂದಿಗೆ ನಾನು ಫೋನ್ ಮಾಡ್ತೀನಿ. ಉಳಿದವರಿಗೆ ನೀನು ಮಾಡು. ಪಲ್ಲವಿಗೆ ಹೇಳು, ಮುಚ್ಚೋದು ಹ್ಯಾಂಗ ಅಂತ ನೋಡ್ಲಿ. ತಂಪು ಮಾಡಿದ್ರ ಲೇಪ ತಿರುಗಿ ಹಿಗ್ಗಿ ತೂತು ಮುಚ್ಚಬೇಕು. ಮುಚ್ಚತೈತೋ ಇಲ್ಲೋ, ಲಗೂನ ಗೊತ್ತಾಗಬೇಕು.”

ಫೋನುಗಳು ಶುರುವಾದವು. ಹೆಚ್ಚಿನವರು ಆರಾಮ ಇದ್ದರು. ಒಬ್ಬ ಬಳೆಗಾರ್ತಿ ಜ್ವರದಿಂದ ಮಲಗಿದ್ದಳು. ಅಂಗಡಿಯವರು ಅವಳ ಮಗನಿಗೆ ಹೇಳಿ ಸಕ್ಕರೆನೀರು ಕುಡಿಸಿ ಆಸ್ಪತ್ರೆಗೆ ಕರೆತರಿಸಿದರು. ಅಷ್ಟರಲ್ಲಿ ಪಲ್ಲವಿ ಓಡಿ ಬಂದು, “ಮುಚ್ಚತೈತಿ ಸರ್! ಐಸ್‌ನಾಗ ಇಟ್ಟ ಕೂಡಲೆ ಹಸಿರು ನಿಂತುಬಿಡ್ತು” ಎಂದಳು. ಅಂಗಡಿಯವರು ಅವಳ ತಲೆಯ ಮೇಲೆ ಕೈಯಿಟ್ಟು ಮುಂದಿನ ನಂಬರು ಒತ್ತಿದರು.

ಶೈನಾಜ್ ಯಮನಪ್ಪನ ನಂಬರಿಗೆ ಮಾಡಿದಾಗ ಎತ್ತಿದವಳು ದುರ್ಗವ್ವ.

“ಮೊಬೈಲ್ ಮನ್ಯಾಗ ಬಿಟ್ಟು ಹೋಗ್ಯಾರ್ರಿ ಬಾಯಾರ. ಡ್ಯೂಟಿ ಮ್ಯಾಲ ಅದಾರ.”

“ಅವರಿಗೆ ಜ್ವರ ಇತ್ತೇನ್ರಿ?” ಶೈನಾಜ್ ಕೇಳಿದಳು.

“ರಾತ್ರಿ ಮೈ ಸಣ್ಣಗ ಕಾಯಾಕತ್ತಿತ್ರಿ. ರಜಾ ಹಾಕ್ರಿ ಅಂದೆ. ರಜಾ ಹಾಕಿದ್ರ ಮತ್ತ ಟೈರ್ ಖೋಲಿಗೆ ಕಳಸ್ತಾರ ಅಂದ್ರು. ಮುಂಜಾನೆ ಜ್ವರದ ಗುಳಿಗಿ ನುಂಗಿದ ಮ್ಯಾಲ ಮೈ ತಣ್ಣಗಾತು. ಹೋದ್ರು. ಯಾಕ್ರಿ?”

ಗುಳಿಗೆಯ ಜೋರು ಕೆಲವು ತಾಸು ಅಷ್ಟೇ. ಅದು ಇಳಿಯುತ್ತಿದ್ದಂತೆ ಜ್ವರ ಮತ್ತೆ, ರಾತ್ರಿಗಿಂತ ಜೋರಾಗಿ, ಏರಬಹುದು. ಬಿಸಿಲಿನ ಹೊತ್ತು, ಪಕ್ಕದಲ್ಲೇ ಕಾಯ್ದ ಎಂಜಿನ್ನು, ಹೊಟ್ಟೆಯಲ್ಲಿ ಎರಡು ವಾರ ದಾಟಿದ ಕಾಳು. ಶೈನಾಜ್ ಗೋಡೆ ಗಡಿಯಾರ ನೋಡಿದಳು. ಮಧ್ಯಾಹ್ನ ಹತ್ತಿರವಾಗಿತ್ತು. ವಿಷಯವನ್ನು ಆದಷ್ಟು ಮೆಲ್ಲಗೆ ದುರ್ಗವ್ವನಿಗೆ ಹೇಳಿದಳು. ಆಕೆ ಅಳಲಿಲ್ಲ. ಅವಸರದಲ್ಲಿ ಒಂದೇ ಮಾತು ಹೇಳಿದಳು.

“ಡಿಪೋಕ್ಕ ಹೇಳಬ್ಯಾಡ್ರಿ. ಕಂಡಕ್ಟರ್ ದಾವಲಸಾಬಣ್ಣನ ನಂಬರ್ ಕೊಡ್ತೀನಿ, ಅವರಿಗೆ ಮಾಡ್ರಿ. ಡಿಪೋಕ್ಕ ಗೊತ್ತಾದ್ರ ಅವರನ್ನ ಮತ್ತ ಎಂದೂ ಗಾಡಿ ಹತ್ತಸಂಗಿಲ್ಲ. ನಿಮ್ಮ ಕಾಲು ಬೀಳ್ತೀನಿ.”

ದಾವಲಸಾಬನ ಫೋನು ಸಂಪರ್ಕ ವ್ಯಾಪ್ತಿಯ ಹೊರಗಿತ್ತು. ಮತ್ತೆ ಮಾಡಿದಳು. ಮತ್ತೆ ಅದೇ. ಅಂಗಡಿಯವರು ಅವಳ ಮುಖವನ್ನೇ ನೋಡುತ್ತಿದ್ದರು.

“ಆಕಿ ಬ್ಯಾಡ ಅಂದಾಳ ಸರ್.”

“ಬಸ್ಸಿನ್ಯಾಗ ಐವತ್ತು ಮಂದಿ ಇರ್ತಾರ” ಎಂದರು ಅವರು. ಅಷ್ಟೇ ಅಂದರು.

ಶೈನಾಜ್ ಡಿಪೋಗೆ ಫೋನ್ ಮಾಡಿ ಎಲ್ಲ ಹೇಳಿದಳು. ಹೇಳುವಾಗ ದುರ್ಗವ್ವನ ದನಿ ಕಿವಿಯಲ್ಲಿತ್ತು. ಡಿಪೋದ ಸಾಹೇಬರು ಬಸ್ಸು ರೋಣ ದಾಟಿದೆಯೆಂದೂ, ತಾವೂ ಕಂಡಕ್ಟರನಿಗೆ ಪ್ರಯತ್ನಿಸುತ್ತೇವೆಂದೂ, ಮುಂದಿನ ನಿಲ್ದಾಣಕ್ಕೆ ತಿಳಿಸುತ್ತೇವೆಂದೂ ಹೇಳಿದರು. ಮುಂದಿನ ನಿಲ್ದಾಣಕ್ಕೆ ಮೊದಲು ಮಲಪ್ರಭೆಯ ಸೇತುವೆ ಇತ್ತು.

ಆಮೇಲೆ ದಾವಲಸಾಬನ ಫೋನು ಹತ್ತಿತು. ಶೈನಾಜ್ ಸ್ಪೀಕರ್ ಒತ್ತಿ ಮೊಬೈಲನ್ನು ಮೇಜಿನ ಮೇಲಿಟ್ಟಳು.

“ಯಾರ್ರಿ?” ಗಾಳಿಯ ಸದ್ದಿನ ನಡುವೆ ದಾವಲಸಾಬ ಕೂಗಿದ.

“ತಿಂಗಳ ಸೂಜಿ ಕೊಡೋ ಯೂನಿವರ್ಸಿಟಿಯಿಂದ ಕಾಕಾ. ಯಮನಪ್ಪನವರು ಹ್ಯಾಂಗ ಅದಾರ? ಬೆವರಾಕತ್ತಾರೇನು?”

“ಅಯ್ಯ, ಅದನ್ನ ಹೇಳಬೇಕಂತ ಮಾಡಿದ್ದೆ. ಅಂಗಿ ತೊಯ್ದೈತಿ. ಕೈಮಾಡಿದವರನ್ನ ಬಿಟ್ಟು ಬರಾಕತ್ತಾನ. ‘ಯಾಕೋ ಯಮನಪ್ಪಾ’ ಅಂದ್ರ ನನಗ ಬೈತಾನ. ಇಪ್ಪತ್ತು ವರ್ಷದಾಗ ಒಮ್ಮೆ ಬೈದಾಂವ ಅಲ್ಲ ಅಂವ.”

“ಕಾಕಾ, ಗಾಡಿ ನಿಲ್ಲಸ್ರಿ. ಈಗ. ಅವರ ಮೈಯಾಗ ಸಕ್ಕರಿ ಇಳ್ಯಾಕತ್ತೈತಿ. ಬುದ್ಧಿ ಮಂಕಾಗಿರ್ತೈತಿ. ಇನ್ನೊಂದು ಗಳಿಗಿಗೆ ಎಚ್ಚರ ತಪ್ಪತಾರ.”

ದಾವಲಸಾಬ ಜನರನ್ನು ಸರಿಸುತ್ತ ಮುಂದಕ್ಕೆ ಹೋಗುವುದು ಕೇಳಿಸಿತು. ಆಮೇಲೆ ಅವನ ದನಿ, ಅನುನಯದಲ್ಲಿ: “ಯಮನಪ್ಪಾ, ಸ್ವಲ್ಪ ಬದೀಗೆ ಹಾಕೋ. ನೀರು ಕುಡಿಯೋಣಂತ.”

“ಸುಮ್ನ ಕೂಡು ನೀ! ಲೇಟ್ ಆಗೈತಿ.” ಯಮನಪ್ಪನ ದನಿ ತೊದಲುತ್ತಿತ್ತು.

“ನಿನಗ ಆರಾಮಿಲ್ಲೋ…”

“ನನಗೇನಾಗಿಲ್ಲ! ನನ್ನ ಇಳಸಾಕ ಬಂದೀ ಏನು? ಟೈರ್ ಖೋಲಿಗೆ ಕಳಸ್ತೀ ಏನು?”

ಯಾರೋ ಹೆಂಗಸು ಚೀರಿದಳು. ಬಸ್ಸು ವಾಲಿರಬೇಕು. ಸಾಮಾನು ಉರುಳಿದ ಸದ್ದಾಯಿತು. “ಹೊಳಿ ಬಂತು, ಹೊಳಿ!” ಎಂದು ಇನ್ನೊಬ್ಬರು ಕೂಗಿದರು. “ಸ್ಟೇರಿಂಗ್ ಹಿಡೀರಿ!” ಎಂದಿತು ಇನ್ನೊಂದು ದನಿ. “ಹಿಡೀಬ್ಯಾಡ್ರಿ, ಜಗ್ಗಿದ್ರ ಹೊಳ್ಯಾಗ ಹೋಗ್ತೈತಿ!” ಎಂದ ದಾವಲಸಾಬ.

ಕಾಳಿನ ಬಗ್ಗೆ ಶೈನಾಜಳಿಗೆ ಎಲ್ಲ ಗೊತ್ತಿತ್ತು. ಓಡುವ ಬಸ್ಸನ್ನು ನಿಲ್ಲಿಸುವುದು ಗೊತ್ತಿರಲಿಲ್ಲ. ಪಲ್ಲವಿ ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆಗ ಫೋನಿನೊಳಗಿಂದ ಒಂದು ಸೀಟಿ ಕೇಳಿತು. ಉದ್ದಕ್ಕೆ, ಒಂದೇ ಒಂದು. ಅದರ ಬೆನ್ನಿಗೆ, ದಿನವೂ ನೂರು ಸಲ ಕೂಗಿ ಪಳಗಿದ ದನಿಯಲ್ಲಿ ದಾವಲಸಾಬ ಕೂಗಿದ:

“ಹೋಲ್ಡಾನ್!”

ಬ್ರೇಕು ಕಿರುಚಿತು. ಜನ ಒಬ್ಬರ ಮೇಲೊಬ್ಬರು ಬಿದ್ದ ಸದ್ದು, ಮಕ್ಕಳ ಅಳು. ಆಮೇಲೆ ಎಂಜಿನ್ನಿನ ಸದ್ದೂ ನಿಂತಿತು.

“ನಿಂತತ್ರಿ” ಎಂದ ದಾವಲಸಾಬ. ಅವನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ಸೀಟಿ ಹೊಡೆದ ಕೂಡಲೆ ಕಾಲು ತಾನ ಬ್ರೇಕ್ ಮ್ಯಾಲ ಹೋತು. ಚಾವಿ ತಗದೀನಿ. ಸೇತುವಿ ಬಾಯಾಗ ಅದೀವಿ. ಈಗ ಅಂವ ಸ್ಟೇರಿಂಗ್ ಮ್ಯಾಲ ತಲಿ ಹಾಕ್ಯಾನ್ರಿ. ಕರದ್ರ ಓ ಅನ್ನವಲ್ಲ.”

ಮುಂದಿನದು ಶೈನಾಜಳಿಗೆ ಗೊತ್ತಿತ್ತು. “ಕೆಳಗ ಇಳಿಸಿ ಒಂದು ಮಗ್ಗಲಾಗಿ ಮಲಗಸ್ರಿ. ಕುಡ್ಸಾಕ ಹೋಗಬ್ಯಾಡ್ರಿ, ಉಸಿರಿನ ಕೊಳವಿಗೆ ಹೋಗ್ತೈತಿ. ಸಕ್ಕರಿ ಯಾರ ಹತ್ರಾರ ಐತೇನು? ನೀರಾಗ ಸ್ವಲ್ಪ ಕಲಿಸಿ, ಬೆರಳಿಗೆ ಹಚ್ಚಿ ಗಲ್ಲದ ಒಳಗ ತಿಕ್ಕರಿ.”

ಸಂತೆ ಮಾಡಿಕೊಂಡು ಬಂದಿದ್ದ ಒಬ್ಬ ಅಜ್ಜಿ ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದು ಹಲ್ಲಿನಿಂದ ಹರಿದಳಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ಕೇಳಿಸಿದ್ದು ಬರೀ ಗದ್ದಲ.

“ಇನ್ನ ಮುಖ್ಯದ್ದು ಕೇಳ್ರಿ ಕಾಕಾ. ಹೊಕ್ಕಳದ ಎಡಕ್ಕ ಚರ್ಮದ ಕೆಳಗ ಒಂದು ಗಂಟೈತಿ. ಅದರ ಮ್ಯಾಲ ಐಸ್ ಇಡಬೇಕು. ಐಸ್ ಇಟ್ರ ಔಷಧ ಬರೋದು ನಿಲ್ತೈತಿ. ಇಲ್ಲಾಂದ್ರ ಎಷ್ಟು ಸಕ್ಕರಿ ತಿಕ್ಕಿದ್ರೂ ಸಾಲಂಗಿಲ್ಲ.”

“ಈ ಬಿಸಲಾಗ, ಹೊಳಿ ದಂಡ್ಯಾಗ ಐಸ್ ಎಲ್ಲಿಂದ ತರ್ಲಿ ಯವ್ವಾ?”

ಬಸ್ಸು ದಾರಿಗೆ ಅಡ್ಡ ನಿಂತಿದ್ದರಿಂದ ಹಿಂದೆ ಗಾಡಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ದಾವಲಸಾಬ ತಿರುಗಿ ನೋಡಿರಬೇಕು. “ಏ, ಮೀನಿನ ಗಾಡಿ! ಮೀನಿನ ಗಾಡಿ ಐತ್ರಲೇ!” ಎಂದು ಕೂಗುತ್ತ ಓಡಿದ. ಫೋನು ಯಾರದೋ ಕೈಗೆ ಹೋಯಿತು. ಕರಾವಳಿಯಿಂದ ಬಂದ ಆ ಗಾಡಿಯ ಪೆಟ್ಟಿಗೆಗಳಿಂದ ಐಸು ತೆಗೆದು ಟವೆಲ್ಲಿನಲ್ಲಿ ಕಟ್ಟಿ ಯಮನಪ್ಪನ ಹೊಟ್ಟೆಯ ಮೇಲಿಟ್ಟರು. ಕರಗಿದಂತೆಲ್ಲ ಮತ್ತೆ ತಂದು ಇಟ್ಟರು. ಅಂಬುಲೆನ್ಸ್ ಬರುವವರೆಗೆ ಶೈನಾಜ್ ಫೋನು ಇಡಲಿಲ್ಲ. ಗಳಿಗೆಗೊಮ್ಮೆ, “ಉಸಿರಾಡಾಕತ್ತಾರೇನು?” ಎಂದು ಕೇಳುತ್ತಿದ್ದಳು. “ಆಡಾಕತ್ತಾನವ್ವಾ” ಎಂದು ದಾವಲಸಾಬ ಉತ್ತರ ಕೊಡುತ್ತಿದ್ದ.

ಯಮನಪ್ಪ ಮರುದಿನ ಮಧ್ಯಾಹ್ನ ಕಣ್ಣು ಬಿಟ್ಟ. ಶೈನಾಜ್ ಮತ್ತು ಅಂಗಡಿಯವರು ಆಸ್ಪತ್ರೆಗೆ ಹೋದಾಗ ವಾರ್ಡಿನ ಬಾಗಿಲಲ್ಲಿ ದಾವಲಸಾಬ ಕೂತಿದ್ದ. ಒಳಗೆ ದುರ್ಗವ್ವ ಶೈನಾಜಳನ್ನು ನೋಡಿ ಮುಖ ತಿರುಗಿಸಿದಳು. ನರ್ಸು ಮಾತ್ರ, “ಎಷ್ಟು ಒರೆಸಿದ್ರೂ ಮೀನಿನ ವಾಸನಿ ಹೋಗವಲ್ದು” ಎಂದು ಗೊಣಗುತ್ತ ಗ್ಲೂಕೋಸ್ ಬಾಟಲಿ ಬದಲಿಸಿದಳು.

ಅಷ್ಟರಲ್ಲಿ ಉಳಿದವರೆಲ್ಲ ಗಂಟು ತೆಗೆಸಿಕೊಳ್ಳಲು ಒಪ್ಪಿದ್ದರು. ಬಳೆಗಾರ್ತಿಯದು ಆಗಲೇ ತೆಗೆದಾಗಿತ್ತು. ಒಪ್ಪದವನು ಯಮನಪ್ಪ ಒಬ್ಬನೇ. ಒಳಗೆ ಇನ್ನೂ ಮದ್ದು ಉಳಿದಿದೆ, ಜ್ವರ ಮತ್ತೆ ಏರಿದರೆ ಮತ್ತೆ ಅದೇ ಆಗುತ್ತದೆ ಎಂದು ಡಾಕ್ಟರು ಹೇಳಿ ಸಾಕಾಗಿದ್ದರು.

“ತಪ್ಪು ನಮ್ಮದು ಯಮನಪ್ಪನವರ” ಎಂದರು ಅಂಗಡಿಯವರು ಕೈ ಜೋಡಿಸಿ. “ಹಳೇ ಕಾಳು ಜ್ವರಕ್ಕ ತಡೀತಾವೋ ಇಲ್ಲೋ ನಾವು ನೋಡಬೇಕಾಗಿತ್ತು, ನೋಡಲಿಲ್ಲ. ಅದನ್ನ ತೆಗಿಸಿಕೊಳ್ರಿ.”

“ತಪ್ಪು ಒಪ್ಪು ನನಗ ಬ್ಯಾಡ್ರಿ” ಎಂದ ಯಮನಪ್ಪ. ದನಿ ಸಣ್ಣದಾಗಿತ್ತು, ಆದರೆ ಮಾತು ಗಟ್ಟಿ. “ತೆಗದ್ರ ನಾಳೆ ಮತ್ತ ದಿನಕ್ಕ ಮೂರು ಸೂಜಿ. ಮತ್ತ ಟೈರ್ ಖೋಲಿ. ನನಗ ಸ್ವಲ್ಪ ತಲಿ ತಿರುಗಿತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಎಚ್ಚರ ಇತ್ತು, ಹೋಷ್ ಇತ್ತು. ಸೇತುವಿ ಹತ್ರ ಒಂದು ಕೂಸು ಅಡ್ಡ ಬಂತು. ಕೆಂಪು ಲಂಗ ಹಾಕಿತ್ತು. ನಾ ನೋಡಿದೆ, ಬ್ರೇಕ್ ಹಾಕಿದೆ, ನಿಲ್ಲಿಸಿದೆ. ಹೋಷ್ ಇಲ್ಲದಾಂವ ನಿಲ್ಲಸ್ತಾನೇನ್ರಿ? ಡಿಪೋದವರಿಗೂ ಇದನ್ನ ಹೇಳಾಂವ ನಾನು.” ಆಮೇಲೆ ಶೈನಾಜಳ ಕಡೆ ತಿರುಗಿದ. “ಆ ಕೂಸಿಗೆ ಏನೂ ಆಗಿಲ್ಲಲ್ಲ ತಂಗಿ?”

ಬಾಗಿಲಲ್ಲಿದ್ದ ದಾವಲಸಾಬ ಒಳಗೆ ಬಂದು ನಿಂತಿದ್ದ. ಹೇಳಬೇಡ ಎಂಬಂತೆ ಶೈನಾಜಳಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಅಂಗಡಿಯವರೂ ನೆಲ ನೋಡುತ್ತಿದ್ದರು. ಆ ಮನುಷ್ಯನಿಗೆ ಉಳಿದಿದ್ದ ಒಂದೇ ಒಂದು ಮರ್ಯಾದೆಯನ್ನು ಕಿತ್ತುಕೊಳ್ಳಲು ಶೈನಾಜಳಿಗೂ ನಾಲಿಗೆ ಏಳಲಿಲ್ಲ. ಆದರೆ ಆ ಕೂಸು ಅವನ ತಲೆಯಲ್ಲಿ ಇರುವವರೆಗೆ ಗಂಟು ಅವನ ಹೊಟ್ಟೆಯಲ್ಲಿ ಇರುತ್ತದೆ ಎಂಬುದೂ ಅವಳಿಗೆ ಕಾಣುತ್ತಿತ್ತು. ಅವಳು ಮಂಚದ ಹತ್ತಿರದ ಸ್ಟೂಲಿನ ಮೇಲೆ ಕೂತಳು.

“ಕೂಸು ಇರಲಿಲ್ಲ ಕಾಕಾ.”

“ಅಂದ್ರ?”

“ದಾರ್ಯಾಗ ಯಾರೂ ಇರಲಿಲ್ಲ. ಸಕ್ಕರಿ ಇಳಿದಾಗ ಇಲ್ಲದ್ದು ಕಾಣತೈತಿ. ದಾವಲಸಾಬ್ ಕಾಕಾ ಸೀಟಿ ಹೊಡೆದು ಹೋಲ್ಡಾನ್ ಅಂದ್ರು. ನಾ ಫೋನ್‌ನ್ಯಾಗ ಕೇಳೀನಿ. ನಿಮ್ಮ ಕಾಲು ಅದನ್ನ ಕೇಳ್ತು. ಅದಕ್ಕ ಗಾಡಿ ನಿಂತತು.”

ಯಮನಪ್ಪ ಗೆಳೆಯನ ಮುಖ ನೋಡಿದ. “ಏನೋ ದಾವಲ್?”

ದಾವಲಸಾಬ ಹೌದೆಂದು ತಲೆಯಾಡಿಸಿದ. ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

“ಮಂದಿ ಎಷ್ಟಿದ್ರೋ ಗಾಡ್ಯಾಗ?”

“ಫುಲ್ ಇತ್ತಪ್ಪಾ. ಮುಧೋಳದ ಮದುವಿ ಮಂದೀನೂ ಇದ್ರು. ಸಣ್ಣ ಹುಡುಗರು ಬಾಳ.”

ದುರ್ಗವ್ವ ಹತ್ತಿರ ಬಂದು ಗಂಡನ ಪಾದದ ಮೇಲೆ ಕೈಯಿಟ್ಟಳು. ಆ ಪಾದ ಒಮ್ಮೆ ಅಲುಗಿತು. ಯಮನಪ್ಪ ಸಲೈನು ಚುಚ್ಚಿರದ ಕೈಯಿಂದ ಅಂಗಿಯನ್ನು ತಾನೇ ಮೇಲಕ್ಕೆತ್ತಿ ಹೊಕ್ಕಳದ ಎಡಗಡೆಯ ಗಂಟನ್ನು ತೋರಿಸಿದ.

“ತಗೀರಿ” ಎಂದ.

ಡಾಕ್ಟರನ್ನು ಕರೆಯಲು ಅಂಗಡಿಯವರು ಹೊರಗೆ ಹೋದರು. ದುರ್ಗವ್ವ ಶೈನಾಜಳ ಕಡೆ ಮೊದಲ ಸಲ ನೇರವಾಗಿ ನೋಡಿದಳು. ಸಿಟ್ಟು ಹೋಗಿರಲಿಲ್ಲ. ಆದರೂ ಶೈನಾಜ್ ಕೂತಿದ್ದ ಸ್ಟೂಲಿನ ಅಂಚಿಗೆ ಬಿದ್ದಿದ್ದ ತನ್ನ ಸೀರೆಯ ಸೆರಗನ್ನು ಎಳೆದುಕೊಂಡು ಅವಳಿಗೆ ಸರಿಯಾಗಿ ಕೂರಲು ಜಾಗ ಮಾಡಿಕೊಟ್ಟಳು.

“ಹೊರಗ ತೆಗದ ಮ್ಯಾಲ ಆ ಕಾಳು ಏನ್ ಮಾಡ್ತಿ?” ಯಮನಪ್ಪ ಕೇಳಿದ.

“ತೊಳೀತೀನ್ರಿ. ಬಿಸಿನೀರಾಗ ಇಡ್ತೀನಿ. ಎಷ್ಟು ಬಿಸಿಗೆ, ಯಾವ ಜಾಗದಾಗ ಲೇಪ ಬಿಡ್ತು ಅಂತ ನೋಡ್ತೀನಿ.”

“ಚಂದಂಗ ನೋಡು” ಎಂದು ಯಮನಪ್ಪ ಕಣ್ಣು ಮುಚ್ಚಿಕೊಂಡ. “ಅವಸರ ಮಾಡಬ್ಯಾಡ.”